ರೇಡ್ ಮಾಡುವ ಮುನ್ನ: ಡಿಸ್ಕ್ ಕೊನೆಯಲ್ಲಿ 1 ಜಿಬಿ ಬಿಡಿ

ಲಿನಕ್ಸ್‌ನಲ್ಲಿ ಎರಡು ಹಾರ್ಡ್ ಡಿಸ್ಕ್ ಸೇರಿಸಿ ಸಾಫ್ಟ್‌ವೇರ್ ರೇಡ್ ಮಾಡ್ತಿದ್ದೀರಾ? ಇರೋ ಜಾಗವನ್ನೆಲ್ಲ ಪಾರ್ಟಿಷನ್‌ಗೆ ಕೊಟ್ಟುಬಿಡಬೇಡಿ.

ಯಾಕೆ ಅಂತೀರಾ? ರೇಡ್ 1ರಲ್ಲಿ ಎರಡೂ ಕಡೆ ಒಂದೇ ಡೇಟಾ ಇರುತ್ತೆ. ಹಾಗಾಗಿ ಲೆಕ್ಕಕ್ಕೆ ಬರೋದು ಚಿಕ್ಕ ಪಾರ್ಟಿಷನ್ ಮಾತ್ರ. 4 ಟಿಬಿ ಜೊತೆ 6 ಟಿಬಿ ಹಾಕಿದರೂ ಸಿಗೋದು 4 ಟಿಬಿಯೇ.

ನಾಳೆ ಒಂದು ಡಿಸ್ಕ್ ಕೆಟ್ಟರೆ ಹೊಸದು ತರ್ತೀರಿ. ಲೇಬಲ್ ಮೇಲೆ 4 ಟಿಬಿ ಅಂತಲೇ ಇರುತ್ತೆ. ಆದರೆ ಮಾಡೆಲ್ ಬೇರೆಯಾದರೆ ಕೆಲವು ಎಂಬಿ ಕಡಿಮೆ ಇರಬಹುದು. ಅಷ್ಟಕ್ಕೇ ಲಿನಕ್ಸ್‌ನಲ್ಲಿ ರೇಡ್ ನೋಡಿಕೊಳ್ಳುವ ಎಂಡಿಎಡಿಎಂ (mdadm) ಪ್ರೋಗ್ರಾಂ 'ಜಾಗ ಸಾಲದು' ಅಂತ ಹೊಸ ಡಿಸ್ಕನ್ನು ಸೇರಿಸಿಕೊಳ್ಳಲ್ಲ.

ಅದಕ್ಕೇ ಹೀಗೆ ಮಾಡಿ. ಜಿಪಿಟಿ ಟೇಬಲ್ ಹಾಕಿ. 2 ಟಿಬಿ ದಾಟಿದ ಡಿಸ್ಕ್‌ಗೆ ಹಳೆಯ ಎಂಬಿಆರ್ ಸಾಲದು. ಮೊದಲ 1 ಎಂಬಿ ಬಿಟ್ಟು ಶುರುಮಾಡಿ. ಇದೇ ಡಿಸ್ಕ್‌ಗಳಿಂದ ಬೂಟ್ ಆಗಬೇಕಾದರೆ ಎರಡರಲ್ಲೂ 1 ಜಿಬಿ ಇಎಫ್‌ಐ ಪಾರ್ಟಿಷನ್ ಇಡಿ. ಉಳಿದದ್ದು ರೇಡ್‌ಗೆ, ಕೊನೆಯ 1 ಜಿಬಿ ಮಾತ್ರ ಖಾಲಿ. 4 ಟಿಬಿಯಲ್ಲಿ ಅದು ಶೇ. 0.025 ಅಷ್ಟೇ.

ಇನ್ನೊಂದು ಮಾತು. ತಪ್ಪಿ ಅಳಿಸಿದ ಫೋಟೋ ಎರಡೂ ಡಿಸ್ಕ್‌ನಿಂದ ಹೋಗುತ್ತೆ. ರೇಡ್ ಇದ್ದರೂ ಬೇರೆ ಡಿಸ್ಕ್‌ನಲ್ಲಿ ಬ್ಯಾಕಪ್ ಇಡಿ.