ಜಟಾಯು ಹೇಳಿದ ಸಾಕ್ಷ್ಯ

ರಾಜಾ ರವಿವರ್ಮರ ‘ಜಟಾಯು ವಧೆ’ಯನ್ನು ನೋಡದ ಕನ್ನಡಿಗರು ವಿರಳ. 1894ರಲ್ಲಿ ಅವರು ಮುಂಬಯಿಯಲ್ಲಿ ಮುದ್ರಣಾಲಯ ಸ್ಥಾಪಿಸಿದ ಮೇಲೆ, ಅರಮನೆಯ ಗೋಡೆಗಳಿಗೆ ಮೀಸಲಾಗಿದ್ದ ಚಿತ್ರಗಳು ಅಗ್ಗದ ಪ್ರತಿಗಳಾಗಿ ಮನೆ, ಅಂಗಡಿ, ಹೋಟೆಲುಗಳನ್ನು ತಲುಪಿದವು. ಬೆಲೆ ಇಳಿದರೆ ದೇವರೂ ಮನೆಬಾಗಿಲಿಗೆ ಬರುತ್ತಾನೆ! ಆರ್.ಟಿ. ನಗರದ ನಮ್ಮ ಮನೆಯಲ್ಲಿರುವುದೂ ಅಂಥದೇ ಒಂದು ಪ್ರತಿ.

ಐರೋಪ್ಯ ತೈಲವರ್ಣದ ಆವೇಶವೆಲ್ಲ ಅದರಲ್ಲಿದೆ. ಆಕಾಶದಲ್ಲಿ ರಾವಣ ಖಡ್ಗವೆತ್ತಿದ್ದಾನೆ. ಸೀತೆ ನೋಡಲಾರದೆ ಮುಖ ಮರೆಸಿಕೊಂಡಿದ್ದಾಳೆ. ಪಕ್ಷಿಯ ರೆಕ್ಕೆ ಕತ್ತರಿಸಿ ಬೀಳುತ್ತಿದೆ. ಕಲಾವಿದ ಆರಿಸಿಕೊಂಡದ್ದು ಆ ಒಂದು ಕ್ಷಣವನ್ನು. ಆದರೆ ವಾಲ್ಮೀಕಿಯ ಜಟಾಯು ಬರಿಯ ಯೋಧನಲ್ಲ. ಮೊದಲು ಆತ ರಾವಣನಿಗೆ ರಾಜಧರ್ಮ ಹೇಳುತ್ತಾನೆ. ತಾನು ಮುದುಕ, ಎದುರಾಳಿ ಯುವಕ, ಆಯುಧಪಾಣಿ, ರಥಿಕ ಎಂಬುದನ್ನು ಲೆಕ್ಕ ಹಾಕಿಯೇ ಅಡ್ಡ ನಿಲ್ಲುತ್ತಾನೆ.

ಚಿತ್ರ ಬಿಟ್ಟುಬಿಟ್ಟ ಮುಂದಿನ ಭಾಗವೇ ನನ್ನನ್ನು ಹೆಚ್ಚು ಕಾಡುವುದು. ರಕ್ತಸಿಕ್ತನಾಗಿ ಬಿದ್ದ ಪಕ್ಷಿಯನ್ನು ಕಂಡ ರಾಮ, ಸೀತೆಯನ್ನು ತಿಂದವನು ಇವನೇ ಎಂದು ಶಂಕಿಸಿ ಬಾಣ ಹೂಡುತ್ತಾನೆ. ನೆರವಿಗೆ ಧಾವಿಸಿದವನೇ ಮೊದಲ ಆರೋಪಿ! ಆದರೂ ಜಟಾಯು ಕದ್ದವನ ಹೆಸರು, ಹೋದ ದಿಕ್ಕು ತಿಳಿಸಿ ಪ್ರಾಣ ಬಿಡುತ್ತಾನೆ. ರಾಮ ತಂದೆಗೆ ಸಲ್ಲುವ ಸಂಸ್ಕಾರವನ್ನೇ ಅವನಿಗೆ ಮಾಡುತ್ತಾನೆ.

ಹೆಬ್ಬಾಳದ ಮೇಲ್ಸೇತುವೆಯ ಬಳಿ ಅಪಘಾತವಾದಾಗ ಜನ ದೂರ ಸರಿಯುವುದಕ್ಕೆ ನಿರ್ದಯತೆಗಿಂತ ಈ ಬಾಣದ ಭಯವೇ ಕಾರಣವೆಂದು ನನ್ನ ಭಾವನೆ. ಠಾಣೆ, ನ್ಯಾಯಾಲಯಗಳ ಅಲೆದಾಟ ಯಾರಿಗೆ ಬೇಕು? ಕಾನೂನು ಈಗ ಬದಲಾಗಿದೆ. ನೆರವಾದವರ ರಕ್ಷಣೆಯ ಮಾರ್ಗಸೂಚಿಗಳನ್ನು 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಅನುಮೋದಿಸಿತು. 2019ರ ತಿದ್ದುಪಡಿಯ ಮೂಲಕ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಗಾಯಾಳುವನ್ನು ಕರೆತಂದವರು ಹೆಸರು, ವಿಳಾಸ ಹೇಳಲೇಬೇಕೆಂದು ಪೊಲೀಸರು ಒತ್ತಾಯಿಸುವಂತಿಲ್ಲ. ಈ ಹಕ್ಕುಗಳನ್ನು ಪ್ರಾದೇಶಿಕ ಭಾಷೆಯಲ್ಲೂ ಬರೆದು ಆಸ್ಪತ್ರೆಯ ಪ್ರವೇಶದ್ವಾರದಲ್ಲಿ ಪ್ರದರ್ಶಿಸಬೇಕೆಂಬುದು ನಿಯಮ. ಈಚೆಗೆ ನಾನು ಹೋಗಿದ್ದ ಎರಡು ಆಸ್ಪತ್ರೆಗಳಲ್ಲಿ ಅಂಥ ಫಲಕ ನನ್ನ ಕಣ್ಣಿಗೆ ಬೀಳಲಿಲ್ಲ. ಅವರು ಫಲಕ ಹಾಕುವುದಾದರೆ, ಪಕ್ಕದಲ್ಲಿ ತೂಗುಹಾಕಲು ಜಟಾಯುವಿನ ಚಿತ್ರವೊಂದನ್ನು ಕಟ್ಟು ಹಾಕಿಸಿ ಕೊಡಲು ನಾನು ಸಿದ್ಧ.