ಚಾಕೊಲೇಟ್ ಊರಿನ ಕರಡಿಗಳು

1973ರ ಆರಂಭದಲ್ಲಿ, ಆ ವರ್ಷದ ಪಂದ್ಯಗಳು ಇನ್ನೂ ಮುಗಿಯದಿರುವಾಗಲೇ, ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಐಸ್ ಹಾಕಿ ತಂಡ ಗಂಟುಮೂಟೆ ಕಟ್ಟಿಕೊಂಡು ಫ್ಲಾರಿಡಾದ ಜಾಕ್ಸನ್‌ವಿಲ್‌ಗೆ ಹೊರಟುಹೋಯಿತು. ಬ್ಯಾರನ್ಸ್ ಎಂಬ ಆ ತಂಡ ಅಮೆರಿಕನ್ ಹಾಕಿ ಲೀಗಿನ ಕಾಲ್ಡರ್ ಕಪ್ಪನ್ನು 9 ಸಲ ಗೆದ್ದಿತ್ತು. ಆಗ ಅಷ್ಟು ಸಲ ಗೆದ್ದವರು ಬೇರೆ ಯಾರೂ ಇರಲಿಲ್ಲ. ಬೆನ್ನಿಗೆ ಏಳು ಲಕ್ಷ ಜನರ ನಗರವಿತ್ತು. ಆದರೆ 1972ರಲ್ಲಿ ಹೊಸ ಲೀಗೊಂದರ ತಂಡ ಅದೇ ನಗರಕ್ಕೆ ಬಂದಿಳಿದ ಮೇಲೆ ಹಳೆಯದಕ್ಕೆ ಅಲ್ಲಿ ನೆಲೆ ತಪ್ಪಿತು. ಜಾಕ್ಸನ್‌ವಿಲ್‌ನಲ್ಲೂ ಅದು ಹೆಚ್ಚು ದಿನ ಬಾಳಲಿಲ್ಲ. ಅದೇ ಲೀಗಿನಲ್ಲಿ ಪೆನ್ಸಿಲ್ವೇನಿಯಾದ ಹರ್ಷಿ ಎಂಬ ಊರಿನ ತಂಡವೂ ಇದೆ. ಇಂದಿಗೂ ಸುಮಾರು 14,000 ಜನರಷ್ಟೇ ಇರುವ ಊರು. ಅಲ್ಲಿನ ಹರ್ಷಿ ಬೇರ್ಸ್, ಅಂದರೆ ಹರ್ಷಿಯ ಕರಡಿಗಳು, 1938ರಲ್ಲಿ ಈ ಲೀಗಿಗೆ ಸೇರಿ ಇಂದಿನವರೆಗೂ ಊರು ಬಿಟ್ಟು ಹೋಗಿಲ್ಲ. 2009ರಲ್ಲಿ ಹತ್ತನೆಯ ಕಪ್ ಗೆದ್ದು ಕ್ಲೀವ್‌ಲ್ಯಾಂಡಿನ ದಾಖಲೆ ಮುರಿದರು, 2024ರ ಹೊತ್ತಿಗೆ 13ಕ್ಕೆ ಮುಟ್ಟಿದರು. ಈ ಬಾಳಿಕೆಯ ಗುಟ್ಟು ಆಟದ ಅಂಗಳದಲ್ಲಿಲ್ಲ, ಒಡೆತನದಲ್ಲಿದೆ ಎಂಬುದು ನನ್ನ ವಾದ.

ಅಮೆರಿಕನ್ ಹಾಕಿ ಲೀಗಿನಂಥ ಕಿರಿಯ ಲೀಗಿನ ತಂಡಕ್ಕೆ ತನ್ನದೆಂಬುದು ಎಷ್ಟು ಕಡಿಮೆ ಎಂಬುದನ್ನು ಮೊದಲು ತಿಳಿಯಬೇಕು. ಕರ್ನಾಟಕದ ರಣಜಿ ಆಟಗಾರ ಭಾರತ ತಂಡಕ್ಕೆ ಆಯ್ಕೆಯಾದರೂ ನಮ್ಮವನಾಗಿಯೇ ಉಳಿಯುತ್ತಾನೆ. ಇಲ್ಲಿ ಹಾಗಲ್ಲ. ಮುಖ್ಯ ಆಟಗಾರರಲ್ಲಿ ಹೆಚ್ಚಿನವರ ಒಪ್ಪಂದ ಇರುವುದು ನ್ಯಾಷನಲ್ ಹಾಕಿ ಲೀಗಿನ ಯಾವುದೋ ಹಿರಿಯ ತಂಡದ ಜೊತೆ. ಅಲ್ಲೊಬ್ಬರು ಗಾಯಗೊಂಡರೆ ಇಲ್ಲಿಯವನು ರಾತ್ರೋರಾತ್ರಿ ಹೊರಡಬೇಕು. ತರಬೇತುದಾರನೂ ಇದಕ್ಕೆ ಹೊರತಲ್ಲ. 2006ರಲ್ಲಿ ಹರ್ಷಿಗೆ ಕಪ್ ಗೆದ್ದುಕೊಟ್ಟ ಬ್ರೂಸ್ ಬೂಡ್ರೋ ಅವರನ್ನು 2007ರ ನವೆಂಬರಿನಲ್ಲಿ, ಪಂದ್ಯಗಳ ನಡುವೆಯೇ, ಹರ್ಷಿಯ ಹಿರಿಯ ತಂಡವಾದ ವಾಷಿಂಗ್ಟನ್ ಕ್ಯಾಪಿಟಲ್ಸ್ ಕರೆಸಿಕೊಂಡಿತು. 2010ರಲ್ಲಿ ಹರ್ಷಿಗೆ ಕಪ್ ತಂದ ಗೋಲು ಹೊಡೆದ ಜಾನ್ ಕಾರ್ಲ್‌ಸನ್ 2018ರಲ್ಲಿ ವಾಷಿಂಗ್ಟನ್ ಪರ ಹಿರಿಯ ಲೀಗಿನ ಸ್ಟಾನ್ಲಿ ಕಪ್ ಎತ್ತಿದರು. ಬೆಳೆದ ಪೈರನ್ನೆಲ್ಲ ಬೇರೆಯವರ ಕಣಜಕ್ಕೆ ತುಂಬುವ ಹೊಲದಂಥ ಸ್ಥಿತಿ ಇದು. ಹಾಗಾದರೆ ಈ ತಂಡದಲ್ಲಿ ಊರಿಗೆ ಉಳಿಯುವುದೇನು?

ಉತ್ತರಕ್ಕೆ ಚಾಕೊಲೇಟ್ ಉದ್ಯಮಿ ಮಿಲ್ಟನ್ ಹರ್ಷಿ ಅವರ ಕಾಲಕ್ಕೆ ಹೋಗಬೇಕು. ಕಾರ್ಖಾನೆಯ ಸುತ್ತ ಊರನ್ನೇ ಕಟ್ಟಿದ ಅವರಿಗೆ ಮಕ್ಕಳಿರಲಿಲ್ಲ. ಅವರು ಮತ್ತು ಪತ್ನಿ ಕ್ಯಾಥರೀನ್ 1909ರಲ್ಲಿ ಅನಾಥ ಹುಡುಗರಿಗಾಗಿ ಒಂದು ಶಾಲೆ ತೆರೆದರು. ಪತ್ನಿ ತೀರಿಕೊಂಡ ಮೇಲೆ, 1918ರಲ್ಲಿ, ಅವರು ತಮ್ಮ ಕಂಪನಿಯ ಷೇರುಗಳನ್ನು ಆ ಶಾಲೆಯ ಟ್ರಸ್ಟಿಗೆ ಬರೆದುಕೊಟ್ಟರು. 1930ರ ದಶಕದ ಆರ್ಥಿಕ ಕುಸಿತದಲ್ಲಿ ದೇಶವೆಲ್ಲ ಕೆಲಸವಿಲ್ಲದೆ ಕೂತಿದ್ದಾಗ ಹರ್ಷಿ ಹೋಟೆಲು, ಕ್ರೀಡಾಂಗಣ ಎಂದು ಒಂದಾದ ಮೇಲೊಂದು ಕಟ್ಟಡ ಎಬ್ಬಿಸಿ ಊರಿನವರಿಗೆ ಕೂಲಿ ಕೊಟ್ಟರು. 1936ರಲ್ಲಿ ಮುಗಿದ ಐಸ್ ಹಾಕಿಯ ಒಳಾಂಗಣ ಅದರಲ್ಲೊಂದು. ಎಂಜಿನಿಯರ್ ಆಂಟನ್ ಟೆಡೆಸ್ಕೊ ತೆಳು ಕಾಂಕ್ರೀಟಿನ ಬಾಗಿದ ಚಾವಣಿ ಹೊದಿಸಿದ್ದರಿಂದ ನಡುವೆ ಕಣ್ಣಿಗೆ ಅಡ್ಡ ಬರುವ ಒಂದು ಕಂಬವೂ ಇಲ್ಲ. ಅಮೆರಿಕದಲ್ಲಿ ಆ ಗಾತ್ರದಲ್ಲಿ ಇಂಥದು ಅದೇ ಮೊದಲು. ಸುಮಾರು 7,000 ಆಸನಗಳು, ಆಗಿನ ಊರ ಜನಕ್ಕಿಂತಲೂ ಹೆಚ್ಚು! 1932ರಲ್ಲಿ ಹುಟ್ಟಿದ ತಂಡಕ್ಕೆ ಮೊದಮೊದಲು ಚಾಕೊಲೇಟ್ ಬಾರನ್ನು ನೆನಪಿಸುವ ‘ಬಾರ್ಸ್’ ಎಂಬ ಹೆಸರಿತ್ತು. ಇದು ಜಾಹೀರಾತು ಎಂಬ ಆಕ್ಷೇಪ ಎದ್ದಾಗ, 1936ರಲ್ಲಿ, ಉಚ್ಚಾರಕ್ಕೆ ಹತ್ತಿರದ ‘ಬೇರ್ಸ್’ ಬಂತು. ತಂಡ ಇಂದು ಹರ್ಷಿ ಎಂಟರ್‌ಟೇನ್‌ಮೆಂಟ್ ಅಂಡ್ ರೆಸಾರ್ಟ್ಸ್ ಎಂಬ ಸಂಸ್ಥೆಯದು. ಆ ಸಂಸ್ಥೆ ಶಾಲೆಯ ಟ್ರಸ್ಟಿನದು. ಅಂದರೆ ಲಾಭದ ಕೊನೆಯ ಹಕ್ಕುದಾರರು ಅಲ್ಲೇ ಓದುವ ಬಡ ಮಕ್ಕಳು. ಇಂಥ ಒಡೆಯನಿಗೆ ತಂಡವನ್ನು ಬೇರೆ ಊರಿಗೆ ಸಾಗಿಸಿ ಬರುವ ಲಾಭವೇನೂ ಇಲ್ಲ.

ಗೆಲುವೆಲ್ಲ ವಾಷಿಂಗ್ಟನ್ ಕಳಿಸಿದ ಪ್ರತಿಭೆಯದು, ಒಡೆತನಕ್ಕೆ ಏಕೆ ಈ ಹೊಗಳಿಕೆ ಎಂದು ಕೇಳಬಹುದು. ಆದರೆ ಹರ್ಷಿ 1980ರಲ್ಲಿ ಗೆದ್ದಾಗ ಜೊತೆಗಿದ್ದದ್ದು ವಾಷಿಂಗ್ಟನ್, 1988ರಲ್ಲಿ ಫಿಲಡೆಲ್ಫಿಯಾ, 1997ರಲ್ಲಿ ಕೊಲರಾಡೊ. ಹಿರಿಯ ತಂಡಗಳು ಬಂದವು, ಹೋದವು. ಬದಲಾಗದೆ ನಿಂತವರನ್ನು ಹುಡುಕಿದರೆ ಫ್ರಾಂಕ್ ಮ್ಯಾಥರ್ಸ್ ಸಿಗುತ್ತಾರೆ: 1956ರಲ್ಲಿ ಆಟಗಾರ-ತರಬೇತುದಾರರಾಗಿ ಬಂದವರು, ಮುಂದೆ ವ್ಯವಸ್ಥಾಪಕರಾಗಿ 1991ರ ವರೆಗೂ ಅಲ್ಲೇ ಇದ್ದರು. ಕಿರಿಯ ಲೀಗಿನಲ್ಲಿ ಒಬ್ಬನಿಗೆ 35 ವರ್ಷ ಕೆಲಸ ಮಾಡಲು ಬಿಡುವ ಮಾಲೀಕರು ಅಪರೂಪ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಊರೆಲ್ಲ ಒಬ್ಬನ ಕೃಪೆಯಲ್ಲಿದ್ದರೆ ಅದು ಊರಿನ ತಂಡ ಹೇಗಾಯಿತು? 1937ರ ಏಪ್ರಿಲ್‌ನಲ್ಲಿ ಕಾರ್ಮಿಕ ಸಂಘಕ್ಕಾಗಿ ಕಾರ್ಖಾನೆಯೊಳಗೆ ಧರಣಿ ಕೂತವರನ್ನು, ಕಾರ್ಖಾನೆ ನಿಂತು ಹಾಲು ಮಾರಾಟವಾಗದೆ ಸಿಟ್ಟಿಗೆದ್ದ ರೈತರೂ ಮಾಲೀಕರ ಪರವಿದ್ದ ಕೆಲಸಗಾರರೂ ನುಗ್ಗಿ ಬಡಿದು ಹೊರಗಟ್ಟಿದರು. ಹೊಸ ಒಳಾಂಗಣಕ್ಕೆ ಆಗಿನ್ನೂ ವರ್ಷವೂ ತುಂಬಿರಲಿಲ್ಲ. ಆ ರಕ್ತದ ಕಲೆಯನ್ನು ಮರೆಮಾಚಿ ಮಿಲ್ಟನ್ ಹರ್ಷಿಯವರ ಔದಾರ್ಯವನ್ನಷ್ಟೇ ಹೇಳುವುದು ಅನ್ಯಾಯ. ಟ್ರಸ್ಟೂ ಪ್ರಶ್ನಾತೀತವಲ್ಲ: 2002ರಲ್ಲಿ ಅದು ಚಾಕೊಲೇಟ್ ಕಂಪನಿಯನ್ನೇ ಮಾರಲು ಹೊರಟಿತು. ಒಡೆತನದ ಕಾಗದವೊಂದೇ ಊರನ್ನು ಕಾಯದು ಎಂದು ನಾನು ಒಪ್ಪಲೇಬೇಕಾದದ್ದು ಇಲ್ಲಿ. ಆಗ ಕೆಲಸಗಾರರು, ಊರಿನವರು, ಶಾಲೆಯ ಹಳೆಯ ವಿದ್ಯಾರ್ಥಿಗಳು ಬೀದಿಗಿಳಿದರು, ವಿಷಯ ಕೋರ್ಟಿನವರೆಗೆ ಹೋಯಿತು, ಸೆಪ್ಟೆಂಬರಿನಲ್ಲಿ ಟ್ರಸ್ಟು ಮಾರಾಟ ಕೈಬಿಟ್ಟಿತು. ಕಟ್ಟಿದವನ ಕೃಪೆಯಾಗಿದ್ದದ್ದನ್ನು ಜನ ಹಕ್ಕೆಂದು ಕೇಳಿ ಪಡೆದದ್ದು ಆಗ.

ಮರು ತಿಂಗಳೇ ತಂಡ ಜೈಂಟ್ ಸೆಂಟರ್ ಎಂಬ ಹೊಸ ಒಳಾಂಗಣಕ್ಕೆ ಹೋಯಿತು. ಅಲ್ಲಿ ಸುಮಾರು 10,500 ಜನ ಕೂರಬಹುದು. ವರ್ಷಕ್ಕೊಮ್ಮೆ, ಹರ್ಷಿಯ ಮೊದಲ ಗೋಲು ಬಿದ್ದ ಕ್ಷಣ, ಪ್ರೇಕ್ಷಕರು ತಂದ ಕರಡಿ ಗೊಂಬೆಗಳನ್ನು ಹಿಮದ ಮೇಲೆ ಎಸೆಯುತ್ತಾರೆ. 2025ರ ಜನವರಿಯಲ್ಲಿ ಎಣಿಸಿದಾಗ ಅವು 1,02,343 ಇದ್ದವು. ಎಲ್ಲವನ್ನೂ ಮೂಟೆ ಕಟ್ಟಿ ಸೇವಾಸಂಸ್ಥೆಗಳಿಗೆ ಹಂಚಲಾಯಿತು.