ಸಾವಿರ ಎಸೆತಗಳ ಮೀನು

ಗಾಳ ಹಿಡಿದು ಹೊಳೆಯ ದಂಡೆಯಲ್ಲಿ ಕುಳಿತವನೆಂದರೆ ನಮ್ಮ ಕಣ್ಣಿಗೆ ಕಟ್ಟುವ ಚಿತ್ರ ಒಂದೇ: ಬಿದಿರಿನ ಕೋಲು, ಎರೆಹುಳು, ನೀರಿನ ಮೇಲೆ ತೇಲುವ ಬೆಂಡು, ಮರದ ನೆರಳಿನಲ್ಲಿ ಅರೆನಿದ್ದೆ. ಆದರೆ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಜನವರಿಯ ಕೊರೆಯುವ ಚಳಿಯಲ್ಲಿ, ಹಿಮದಂತೆ ತಣ್ಣಗಿರುವ ಹೊಳೆಗೆ ತೊಡೆಯವರೆಗೆ ಇಳಿದು, ಬೆಳಗಿನಿಂದ ಬೈಗಿನವರೆಗೆ ಗಾಳ ಬೀಸುತ್ತ ನಿಲ್ಲುವವರಿದ್ದಾರೆ. ದಿನವೆಲ್ಲ ದುಡಿದು ಬರಿಗೈಯಲ್ಲಿ ಮನೆಗೆ ಮರಳುವುದು ಅವರಿಗೆ ವಾಡಿಕೆ. ಅದೃಷ್ಟವಶಾತ್ ಮೀನು ಸಿಕ್ಕಿತೆನ್ನಿ, ಬಹುಪಾಲು ಅದನ್ನು ಮತ್ತೆ ನೀರಿಗೇ ಬಿಟ್ಟುಬಿಡುತ್ತಾರೆ! ಇಂಥ ಹುಚ್ಚು ಹಿಡಿಸಿದ ಜಲಚರದ ಹೆಸರು ಸ್ಟೀಲ್‌ಹೆಡ್, ಅಂದರೆ ಉಕ್ಕಿನ ತಲೆ. ‘ಸಾವಿರ ಎಸೆತಗಳ ಮೀನು’ ಎಂಬುದು ಗಾಳಗಾರರು ಅದಕ್ಕಿಟ್ಟಿರುವ ಅಡ್ಡಹೆಸರು.

ಕಡಲಿಗೆ ಹೋದ ತಮ್ಮ

ಸ್ಟೀಲ್‌ಹೆಡ್ ಪ್ರತ್ಯೇಕ ಜಾತಿಯೇನೂ ಅಲ್ಲ. ಪಕ್ಕೆಯ ಮೇಲೆ ನಸುಗೆಂಪು ಪಟ್ಟೆಯುಳ್ಳ ರೇನ್‌ಬೋ ಟ್ರೌಟ್ ಮೀನೇ ಅದು. ಬ್ರಿಟಿಷರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ನೆರೆಯ ನೀಲಗಿರಿಯ ತಣ್ಣನೆಯ ತೊರೆಗಳಿಗೆ ತಂದು ಬಿಟ್ಟದ್ದೂ ಇದೇ ಜಾತಿಯನ್ನು. ಒಂದೇ ಹೊಳೆಯಲ್ಲಿ, ಒಮ್ಮೊಮ್ಮೆ ಒಂದೇ ತಾಯಿಯ ಮೊಟ್ಟೆಗಳಿಂದ ಹುಟ್ಟಿದ ಒಡಹುಟ್ಟುಗಳಲ್ಲಿ, ಅಣ್ಣ ಊರಿನಲ್ಲೇ ಉಳಿಯುತ್ತಾನೆ. ತಮ್ಮ ಕಡಲಿಗೆ ಹೊರಡುತ್ತಾನೆ. ಉಳಿದವನು ರೇನ್‌ಬೋ ಟ್ರೌಟ್, ಹೋದವನು ಸ್ಟೀಲ್‌ಹೆಡ್.

ಹೊರಡುವ ಮರಿ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷಗಳ ಕಾಲ ಸಿಹಿನೀರಿನಲ್ಲಿ ಬೆಳೆಯುತ್ತದೆ. ಬಳಿಕ ಅದರ ಮೈಮೇಲಿನ ಕಪ್ಪು ಪಟ್ಟೆಗಳು ಮಾಸಿ ಬೆಳ್ಳಿಯ ಹೊಳಪು ಮೂಡುತ್ತದೆ. ಕಿವಿರುಗಳೂ ಮೂತ್ರಪಿಂಡಗಳೂ ಉಪ್ಪುನೀರಿಗೆ ಹೊಂದಿಕೊಳ್ಳುತ್ತವೆ. ಪೆಸಿಫಿಕ್ ಸಾಗರದಲ್ಲಿ ಒಂದೆರಡು ವರ್ಷ ಮೇದು ಕೊಬ್ಬಿದ ಮೇಲೆ, ಹುಟ್ಟಿದ ಹೊಳೆಯ ವಾಸನೆಯ ಜಾಡು ಹಿಡಿದು ಅದು ತವರಿಗೆ ಮರಳುತ್ತದೆ. ಐಡಾಹೊ ಪ್ರಾಂತದ ಬೆಟ್ಟಗಳನ್ನು ಸೇರಬೇಕಾದ ಮೀನುಗಳು ಹರಿವಿಗೆ ಎದುರಾಗಿ ಎಂಟುನೂರು ಮೈಲಿಗೂ ಮಿಕ್ಕಿ ಈಜಬೇಕು. ಅದೇ ದಾರಿ ಹಿಡಿಯುವ ಪೆಸಿಫಿಕ್ ಸಾಲ್ಮನ್ ಮೀನುಗಳು ಮೊಟ್ಟೆಯಿಟ್ಟೊಡನೆ ಸಾಯುತ್ತವೆ. ಸ್ಟೀಲ್‌ಹೆಡ್‌ಗಳಲ್ಲಾದರೋ ಕೆಲವು ಬದುಕಿ ಉಳಿದು ಮತ್ತೆ ಕಡಲಿಗಿಳಿದು ಮತ್ತೊಮ್ಮೆ ಬರುತ್ತವೆ. ಇವುಗಳ ಸಾಧಾರಣ ತೂಕ ಎಂಟು ಹತ್ತು ಪೌಂಡು. 1970ರಲ್ಲಿ ಅಲಾಸ್ಕದ ಬೆಲ್ ದ್ವೀಪದ ಬಳಿ ಒಬ್ಬ ಬಾಲಕನ ಗಾಳಕ್ಕೆ ಬಿದ್ದ ಮೀನು 42 ಪೌಂಡು 2 ಔನ್ಸು ತೂಗಿತು!

ಹಿತ್ತಾಳೆಯ ಎಲೆ

ಹೊಳೆಗೆ ಹಿಂದಿರುಗಿದ ಸ್ಟೀಲ್‌ಹೆಡ್ ಹೆಚ್ಚುಕಡಿಮೆ ಉಪವಾಸವ್ರತಿ. ಕಡಲಿನಲ್ಲಿ ಕೂಡಿಟ್ಟ ಕೊಬ್ಬೇ ಅದರ ದಾರಿಯ ಬುತ್ತಿ. ಹಸಿವಿಲ್ಲದವನನ್ನು ಊಟಕ್ಕೆ ಎಬ್ಬಿಸುವುದು ಕಷ್ಟ. ಆದರೆ ಕೆಣಕಿ ಎಬ್ಬಿಸಬಹುದು. ಆ ಕೆಣಕುವ ಕೆಲಸಕ್ಕೆ ಹೇಳಿ ಮಾಡಿಸಿದ ಸಾಧನವೇ ಸ್ಪಿನ್ನರ್.

ನೋಡಲು ಅದು ಹೆಣ್ಣುಮಕ್ಕಳ ಕಿವಿಯ ಲೋಲಕ್ಕಿನಂತಿರುತ್ತದೆ. ಬೆರಳುದ್ದದ ಉಕ್ಕಿನ ತಂತಿ; ಅದಕ್ಕೊಂದು ಪುಟ್ಟ ಕೊಂಡಿಯಿಂದ ಸಿಕ್ಕಿಸಿದ, ಎಲೆಯಾಕಾರದ ತೆಳು ತಗಡು; ಕೆಳಗೆ ಭಾರಕ್ಕಾಗಿ ಹಿತ್ತಾಳೆಯ ಗುಂಡು; ತುದಿಯಲ್ಲಿ ಕೊಕ್ಕೆ. ನೀರಿನಲ್ಲಿ ಎಳೆದಾಗ ತಗಡು ತಂತಿಯ ಸುತ್ತ ಗಿರಗಿರನೆ ತಿರುಗಿ ಮಿಂಚುತ್ತದೆ, ಜೊತೆಗೆ ಮಿಡಿಯುತ್ತದೆ. ಮೀನಿನ ಪಕ್ಕೆಯುದ್ದಕ್ಕೂ ಇರುವ ‘ಪಾರ್ಶ್ವರೇಖೆ’ ಎಂಬ ಇಂದ್ರಿಯವು ಕಣ್ಣಿಗೆ ಕಾಣದಿದ್ದರೂ ಆ ಮಿಡಿತವನ್ನು ಗ್ರಹಿಸಬಲ್ಲದು. ಈ ಬಗೆಯ ಗಾಳಗಳಲ್ಲಿ ಪ್ರಸಿದ್ಧವಾದ ‘ಮೆಪ್ಸ್’ ಅನ್ನು 1938ರಲ್ಲಿ ರೂಪಿಸಿದವನು ಫ್ರಾನ್ಸಿನ ಆಂದ್ರೆ ಮೂಲ್ನಾರ್. ಎರಡನೆಯ ಮಹಾಯುದ್ಧದ ತರುವಾಯ ಅದು ಅಮೆರಿಕದ ಹೊಳೆಗಳಿಗೂ ಕಾಲಿಟ್ಟಿತು.

ಉಪವಾಸದ ಮೀನು ತಗಡನ್ನೇಕೆ ಕಚ್ಚಬೇಕು? ತನ್ನ ಎಡೆಗೆ ನುಗ್ಗಿದವನ ಮೇಲಿನ ಕೋಪದಿಂದ ಎನ್ನುವವರುಂಟು. ಮರಿಯಾಗಿದ್ದಾಗ ಅದೇ ಹೊಳೆಯಲ್ಲಿ ಹುಳುಹುಪ್ಪಟೆಗಳನ್ನು ಹಿಡಿದು ತಿಂದ ಅಭ್ಯಾಸಬಲ ಎನ್ನುವವರೂ ಉಂಟು.

ನೀರನ್ನು ಓದುವ ವಿದ್ಯೆ

ಗಾಳಗಾರನ ಮೊದಲ ಪಾಠ ಎಸೆಯುವುದಲ್ಲ, ನೀರನ್ನು ಓದುವುದು. ಮನುಷ್ಯ ನಡೆಯುವಷ್ಟು ವೇಗ, ಎದೆಮಟ್ಟದ ಆಳ, ತಳದಲ್ಲಿ ದುಂಡುಬಂಡೆ: ಇಂಥ ಜಾಗವೇ ಸ್ಟೀಲ್‌ಹೆಡ್‌ಗೆ ಪ್ರಿಯವಾದ ತಂಗುದಾಣ. ಮಳೆಯ ಪ್ರವಾಹ ಇಳಿದು, ಕೆಸರು ತಳಕಂಡು, ನೀರು ತಿಳಿಹಸಿರಿಗೆ ತಿರುಗುವ ದಿನಗಳು ಅತ್ಯುತ್ತಮ. ಮಬ್ಬು ಬೆಳಕಿಗೆ ಬೆಳ್ಳಿಯ ತಗಡು. ಬಿಸಿಲಿಗೆ ಹಿತ್ತಾಳೆ, ತಾಮ್ರ.

ಹೊಳೆಗೆ ಅಡ್ಡವಾಗಿ, ತುಸು ಮೇಲ್ಮುಖವಾಗಿ ಎಸೆಯಬೇಕು. ಗಾಳ ಮುಳುಗುವವರೆಗೆ ತಾಳ್ಮೆಯಿಂದಿದ್ದು, ತಗಡು ತಿರುಗಲು ಬೇಕಾದಷ್ಟೇ ನಿಧಾನವಾಗಿ ದಾರವನ್ನು ಸುತ್ತುತ್ತ, ತಳದ ಕಲ್ಲುಗಳ ಮೇಲೆ ಬಿಲ್ಲಿನಂತೆ ಬಾಗಿ ಬರುವಂತೆ ಹರಿವಿಗೆ ಒಪ್ಪಿಸಬೇಕು. ಅವಸರ ಸಲ್ಲದು, ತಣ್ಣೀರಿನಲ್ಲಿ ಮೀನು ಮಂದವಾಗಿರುತ್ತದೆ, ಓಡುವ ಬೇಟೆಯನ್ನು ಅಟ್ಟಿಕೊಂಡು ಬರುವುದಿಲ್ಲ. ಬೆರಳಿಗೆ ಆ ತಗಡಿನ ತುಡಿತ ಸದಾ ತಿಳಿಯುತ್ತಿರಬೇಕು. ಅದು ಥಟ್ಟನೆ ನಿಂತಿತೋ, ಒಂದೋ ಕಲ್ಲು, ಇಲ್ಲವೇ ಮೀನು! ಎರಡು ಹೆಜ್ಜೆ ಕೆಳಗೆ ಸರಿ, ಮತ್ತೆ ಎಸೆ. ಹೀಗೆ ಸಾವಿರ ಬಾರಿ. ಆಮೇಲೆ ಒಂದು ಸಲ ಕೋಲು ಬಾಗುತ್ತದೆ, ರೀಲು ಚೀರುತ್ತದೆ, ಬೆಳ್ಳಿಯ ತುಂಡೊಂದು ನೀರಿನಿಂದ ಮೂರಡಿ ಮೇಲಕ್ಕೆ ಚಿಮ್ಮುತ್ತದೆ.

ಬಿಟ್ಟುಕೊಡುವ ಗೆಲುವು

ಹೀಗೆ ಗೆದ್ದದ್ದನ್ನು ಬಿಡುವುದೇಕೆ? ಮರಳಿ ಬರುವ ಮೀನು ವಿರಳವಾಗುತ್ತಿದೆ. ಮರ ಕಡಿದು ಬೋಳಾದ ದಡಗಳು, ಬಿಸಿಯೇರುತ್ತಿರುವ ನೀರು, ಎಲ್ಲಕ್ಕಿಂತ ಮಿಗಿಲಾಗಿ ಅಣೆಕಟ್ಟುಗಳು ಅದರ ವೈರಿಗಳು. 1942ರಲ್ಲಿ ಪೂರ್ಣಗೊಂಡ ಗ್ರಾಂಡ್ ಕೂಲಿ ಅಣೆಕಟ್ಟಿನಲ್ಲಿ ಮೀನು ಹತ್ತಲು ದಾರಿಯನ್ನೇ ಇಡಲಿಲ್ಲ. ಕೊಲಂಬಿಯ ನದಿಯ ಮೇಲ್ಭಾಗ ಅವುಗಳ ಪಾಲಿಗೆ ಶಾಶ್ವತವಾಗಿ ಮುಚ್ಚಿಹೋಯಿತು. 1997ರಿಂದ ಅಮೆರಿಕ ಸರ್ಕಾರ ಅನೇಕ ಹೊಳೆಗಳ ಸ್ಟೀಲ್‌ಹೆಡ್‌ಗಳನ್ನು ಅಪಾಯಕ್ಕೀಡಾದ ಜೀವಿಗಳ ಪಟ್ಟಿಗೆ ಸೇರಿಸಿತು. ಕೆನಡದ ಥಾಮ್ಸನ್ ನದಿಯ ಮೀನುಗಳು ಅಳಿವಿನ ಅಂಚಿನಲ್ಲಿವೆಯೆಂದು 2018ರಲ್ಲಿ ಅಲ್ಲಿಯ ತಜ್ಞರು ಸಾರಿದರು.

ಆದ್ದರಿಂದಲೇ ಈ ಕಟ್ಟಳೆಗಳು: ಸಾಕಣೆಯ ಕೊಳದಲ್ಲಿ ಹುಟ್ಟಿದ ಮರಿಗಳ ಬೆನ್ನಿನ ಕಿರುರೆಕ್ಕೆಯನ್ನು ಕತ್ತರಿಸಿ ಬಿಟ್ಟಿರುತ್ತಾರೆ; ಅಂಥದನ್ನು, ನಿಯಮ ಒಪ್ಪಿದೆಡೆ, ಮನೆಗೊಯ್ಯಬಹುದು. ಆ ರೆಕ್ಕೆ ಇದ್ದರೆ ಅದು ಹೊಳೆಯ ಸ್ವಂತ ಕೂಸು. ಬಹುತೇಕ ಕಡೆ ಅದನ್ನು ಬಿಡಲೇಬೇಕು. ಕೊಕ್ಕೆಗೆ ಹಿಮ್ಮುಳ್ಳು ಇರಬಾರದೆಂಬ ನಿಯಮವೂ ಅನೇಕ ಹೊಳೆಗಳಲ್ಲಿದೆ.

ಬಿಡುವುದಕ್ಕಾಗಿಯೇ ಹಿಡಿಯುವುದು ಯಾವ ನ್ಯಾಯ ಎಂದು ಓದುಗರು ಕೇಳಬಹುದು. ಪ್ರಶ್ನೆ ಸಾಧುವಾದುದೇ, ಮೀನಿಗಾಗುವ ನೋವು ಇಲ್ಲದ್ದೆಂದು ಹೇಳಲಾಗದು. ಆದರೆ ಹೊಳೆ ಬಡವಾದಾಗ ಮೊದಲು ಕೂಗೆಬ್ಬಿಸಿದವರಲ್ಲಿ ಅದರಲ್ಲಿ ನಿಂತು ನಡುಗಿದವರೂ ಇದ್ದರೆಂಬುದನ್ನು ಮರೆಯಬಾರದು. ಕೆನಡದ ಕ್ಯಾಂಪ್‌ಬೆಲ್ ನದಿಯ ದಡದಲ್ಲಿ ಬಾಳಿದ ರೋಡರಿಕ್ ಹೇಗ್-ಬ್ರೌನ್ ನ್ಯಾಯಾಧೀಶ, ಸಾಹಿತಿ, ಗಾಳಗಾರ. 1976ರಲ್ಲಿ ತೀರಿಕೊಳ್ಳುವವರೆಗೂ ಆತ ಹೊಳೆಗಳ ಪರವಾಗಿ ವಾದಿಸಿದ.

ಅಂಥ ವಾದ ಪೂರ್ತಿ ವ್ಯರ್ಥವಾಗಲಿಲ್ಲ. ವಾಷಿಂಗ್ಟನ್ ಸಂಸ್ಥಾನದ ಎಲ್ವಾ ನದಿಯನ್ನು ಸುಮಾರು ನೂರು ವರ್ಷ ತಡೆದು ನಿಲ್ಲಿಸಿದ್ದ ಎರಡು ಅಣೆಕಟ್ಟುಗಳನ್ನು 2011ರಿಂದ 2014ರ ಅವಧಿಯಲ್ಲಿ ಒಡೆದು ತೆಗೆದರು. ಸ್ಟೀಲ್‌ಹೆಡ್ ಮರಳಿ ಬಂದಿತು. ಅಣೆಯ ಮೇಲೆ ಸೆರೆಯಾಗಿ ಉಳಿದಿದ್ದ ರೇನ್‌ಬೋ ಟ್ರೌಟ್‌ಗಳ ರಕ್ತದಲ್ಲಿ, ತಲೆಮಾರುಗಳು ಕಳೆದರೂ, ಕಡಲಿಗೆ ಹೋಗಿಬರುವ ಗುಣ ಅಳಿದಿರಲಿಲ್ಲ. ಊರಲ್ಲೇ ಉಳಿದ ಅಣ್ಣ, ಹೋದ ತಮ್ಮನ ಹಾದಿಯನ್ನು ಮರೆತಿರಲಿಲ್ಲ. ಬಾಗಿಲು ತೆರೆಯುವುದನ್ನೇ ಕಾದಿದ್ದ.